ಚಿತ್ರದೊಳಗೆ ಇಲ್ಲದ ಬಾಣ: ಹಾರ್ಡ್‌ವೇರ್ ಕರ್ಸರ್ ಕೆಲಸ ಮಾಡುವ ಬಗೆ

ಕೀಬೋರ್ಡಿನ ಪ್ರಿಂಟ್ ಸ್ಕ್ರೀನ್ ಕೀಲಿ ಒತ್ತಿ, ಸಿಕ್ಕ ಚಿತ್ರವನ್ನು ತೆರೆದು ನೋಡಿ. ವಿಂಡೋಗಳೆಲ್ಲ ಇವೆ, ಐಕಾನ್‌ಗಳಿವೆ, ಮೂಲೆಯ ಗಡಿಯಾರವೂ ಇದೆ. ಮೌಸ್‌ನ ಬಾಣ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಕೀಲಿ ಒತ್ತುವಾಗ ಅದು ಕಣ್ಣೆದುರೇ ಇತ್ತು, ಅಲ್ವಾ? ಇನ್ನೊಂದನ್ನೂ ನೀವು ನೋಡಿರುತ್ತೀರಿ. ಕಂಪ್ಯೂಟರ್ ಹ್ಯಾಂಗ್ ಆಗಿದೆ, ವಿಂಡೋ ಬಿಳಿಚಿಕೊಂಡು ನಿಂತಿದೆ, ಎಲ್ಲಿ ಒತ್ತಿದರೂ ಉತ್ತರವಿಲ್ಲ, ಆದರೆ ಬಾಣ ಮಾತ್ರ ಏನೂ ಆಗದ ಹಾಗೆ ಆರಾಮಾಗಿ ಓಡಾಡುತ್ತಿರುತ್ತದೆ.

ಎರಡಕ್ಕೂ ಕಾರಣ ಒಂದೇ. ಆ ಬಾಣ ಪರದೆಯ ಚಿತ್ರದ ಭಾಗವೇ ಅಲ್ಲ. ಚಿತ್ರ ಗ್ರಾಫಿಕ್ಸ್ ಕಾರ್ಡಿನಿಂದ ಹೊರಟು ಮಾನಿಟರ್ ಕಡೆಗೆ ಹೋಗುವ ದಾರಿಯಲ್ಲಿ, ಕೊನೇ ಗಳಿಗೆಯಲ್ಲಿ, ಕಾರ್ಡಿನೊಳಗಿನ ಒಂದು ಪುಟ್ಟ ಸರ್ಕ್ಯೂಟ್ ಅದನ್ನು ಸೇರಿಸುತ್ತದೆ. ಅದಕ್ಕೇ ಹಾರ್ಡ್‌ವೇರ್ ಕರ್ಸರ್ ಅನ್ನುವುದು. ಗ್ರಾಫಿಕ್ಸ್ ಡ್ರೈವರ್, ಅಂದರೆ ಕಾರ್ಡಿನಿಂದ ಕೆಲಸ ಮಾಡಿಸುವ ಪ್ರೋಗ್ರಾಮ್, ಬರೆಯುವುದನ್ನು ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ಕೆಲಸ ಚಿಕ್ಕದು, ಫಲ ತಕ್ಷಣ ಕಣ್ಣಿಗೆ ಬೀಳುತ್ತದೆ, ತಪ್ಪಾದರೂ ತಕ್ಷಣ ಕಣ್ಣಿಗೆ ಬೀಳುತ್ತದೆ.

ಮೊದಲು ಚಿತ್ರ ಎಲ್ಲಿರುತ್ತದೆ ನೋಡೋಣ. ಪರದೆಯ ಪ್ರತಿ ಚುಕ್ಕೆಯ ಬಣ್ಣವೂ ಫ್ರೇಮ್ ಬಫರ್ ಅನ್ನುವ ಮೆಮೊರಿಯಲ್ಲಿ ಇರುತ್ತದೆ. 1920 ಅಗಲ, 1080 ಎತ್ತರ, ಚುಕ್ಕೆಗೆ 4 ಬೈಟ್ ಅಂದರೆ 82,94,400 ಬೈಟ್. ಕಾರ್ಡು ಈ ರಾಶಿಯನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓದಿ ಮಾನಿಟರಿಗೆ ಕಳಿಸುತ್ತದೆ. ಸೆಕೆಂಡಿಗೆ 60 ಸಲ. ಒಟ್ಟು ಸುಮಾರು 50 ಕೋಟಿ ಬೈಟ್, ಪ್ರತಿ ಸೆಕೆಂಡಿಗೂ. ನೀವು ಸುಮ್ನೆ ಕೂತು ಪರದೆ ನೋಡುತ್ತಿದ್ದರೂ ಈ ಓದು ನಿಲ್ಲುವುದಿಲ್ಲ.

ಈಗ ಬಾಣವನ್ನು ಈ ಮೆಮೊರಿಯೊಳಗೇ ಬರೆದರೆ? ಅದು ಸಾಫ್ಟ್‌ವೇರ್ ಕರ್ಸರ್. ಅಂಗಳದ ರಂಗೋಲಿಯ ಮೇಲೆ ಇನ್ನೊಂದು ಚಿಕ್ಕ ರಂಗೋಲಿ ಹಾಕಿದ ಹಾಗೆ. ಚಿಕ್ಕದನ್ನು ಪಕ್ಕಕ್ಕೆ ಸರಿಸಬೇಕೆಂದರೆ ಅಳಿಸಬೇಕು. ಅಳಿಸಿದರೆ ಕೆಳಗಿನದೂ ಹೋಗುತ್ತದೆ. ಹಾಗಾಗಿ ಬಾಣ ಬರೆಯುವ ಮೊದಲು ಆ ಜಾಗದಲ್ಲಿ ಏನಿತ್ತು ಅಂತ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಬೇಕು. ಬಾಣ ಸರಿದಾಗ ಹಳೆಯದನ್ನು ಮರಳಿ ಅಂಟಿಸಬೇಕು, ಹೊಸ ಜಾಗವನ್ನು ನಕಲು ಮಾಡಬೇಕು, ಮತ್ತೆ ಬಾಣ ಬರೆಯಬೇಕು. ಸಾಮಾನ್ಯ ಯುಎಸ್‌ಬಿ ಮೌಸ್ ಸೆಕೆಂಡಿಗೆ 125 ಸಲ ಸುದ್ದಿ ಕೊಡುತ್ತದೆ, ಗೇಮ್ ಆಡುವವರ ಮೌಸ್ 1000 ಸಲ.

ಕೆಲಸ ಜಾಸ್ತಿ ಅನ್ನುವುದು ದೊಡ್ಡ ತೊಂದರೆಯಲ್ಲ. ನಿಜವಾದ ತೊಂದರೆ ಬೇರೆ. ಬಾಣದ ಕೆಳಗಿನ ಜಾಗವನ್ನು ನಾವು ನಕಲು ಮಾಡಿ ಇಟ್ಟುಕೊಂಡಿದ್ದೇವೆ, ಅಷ್ಟರಲ್ಲಿ ಇನ್ನೊಂದು ಪ್ರೋಗ್ರಾಮ್ ಅದೇ ಜಾಗದಲ್ಲಿ ಹೊಸ ಅಕ್ಷರ ಬರೆಯಿತು ಅಂದುಕೊಳ್ಳಿ. ಬಾಣ ಸರಿದಾಗ ನಾವು ಹಳೆಯ ನಕಲನ್ನು ಅಂಟಿಸುತ್ತೇವೆ, ಹೊಸ ಅಕ್ಷರದ ಮೇಲೆ ಹಳೇ ತುಂಡು ಕೂರುತ್ತದೆ. ಇದನ್ನು ತಪ್ಪಿಸಲು ಯಾರೇ ಏನೇ ಬರೆಯುವ ಮೊದಲು ಬಾಣವನ್ನು ಎತ್ತಬೇಕು, ಬರೆದ ಮೇಲೆ ಮತ್ತೆ ಇಡಬೇಕು. ಬಾಣ ಮಿಣುಕುವುದು ಇದರಿಂದಲೇ. 1984ರ ಮ್ಯಾಕಿಂಟಾಶ್ ಇದನ್ನೇ ಮಾಡುತ್ತಿತ್ತು. ಅದರ ಬಾಣ 16ಕ್ಕೆ 16 ಚುಕ್ಕೆ, ಪೂರ್ತಿ ಪರದೆಗೆ ಬೇಕಾಗಿದ್ದುದು ಬರೀ 21,888 ಬೈಟ್. ಬಾಣವನ್ನು ಅಡಗಿಸಲು, ತೋರಿಸಲು, ಒಂದು ಚೌಕದೊಳಗೆ ಬಂದರೆ ಮಾತ್ರ ಎತ್ತಲು ಬೇರೆ ಬೇರೆ ಫಂಕ್ಷನ್‌ಗಳೇ ಇದ್ದವು. ಅಷ್ಟು ಚಿಕ್ಕ ಪರದೆಗೆ ಅದು ಸಾಕಾಗಿತ್ತು, ಚೆನ್ನಾಗಿಯೂ ಮಾಡಿದ್ದರು.

1990ರ ದಶಕದಲ್ಲಿ ಗ್ರಾಫಿಕ್ಸ್ ಕಾರ್ಡುಗಳೊಳಗೆ ಆಕ್ಸಿಲರೇಟರ್ ಬಂದಾಗ ಈ ಉಪಾಯ ಕುಸಿಯಿತು. ಚೌಕ ತುಂಬುವುದು, ಚಿತ್ರ ಸರಿಸುವುದು ಇವನ್ನೆಲ್ಲ ಕಾರ್ಡೇ ಮಾಡುತ್ತದೆ. ಪ್ರೊಸೆಸರ್ ಅದಕ್ಕೆ ಕೆಲಸ ಹೇಳಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಈಗ ಬಾಣದ ಕೆಳಗಿನ ಜಾಗವನ್ನು ನಕಲು ಮಾಡಬೇಕೆಂದರೆ ಆಕ್ಸಿಲರೇಟರ್ ತನ್ನ ಕೆಲಸವೆಲ್ಲ ಮುಗಿಸುವ ತನಕ ಕಾಯಬೇಕು, ಆಮೇಲೆ ಕಾರ್ಡಿನ ಮೆಮೊರಿಯಿಂದ ಓದಬೇಕು. ಆ ಮೆಮೊರಿಗೆ ಬರೆಯುವುದು ಪರವಾಗಿಲ್ಲ, ಅಲ್ಲಿಂದ ಓದುವುದು ಬಹಳ ನಿಧಾನ. ಅಂದರೆ ಮೌಸ್ ಅಲುಗಿದಾಗೆಲ್ಲ ಇಡೀ ಕಾರ್ಡಿಗೆ ಬ್ರೇಕ್ ಬೀಳುತ್ತದೆ. ದುಡ್ಡು ಕೊಟ್ಟು ವೇಗದ ಕಾರ್ಡು ತಂದು, ಒಂದು ಬಾಣಕ್ಕಾಗಿ ಅದನ್ನು ನಿಲ್ಲಿಸುವುದು ಯಾರಿಗೆ ಬೇಕು?

ಮಧ್ಯೆ ಒಂದು ಹಳೇ ಉಪಾಯ ಹೇಳಿಬಿಡುತ್ತೇನೆ. ಬಾಣದ ಜಾಗದ ಬಿಟ್‌ಗಳನ್ನು ತಿರುವುಮುರುವು ಮಾಡುವುದು, 0 ಇದ್ದದ್ದನ್ನು 1, 1 ಇದ್ದದ್ದನ್ನು 0, ಅಂದರೆ ಎಕ್ಸ್‌ಆರ್ ಮಾಡುವುದು. ಇನ್ನೊಂದು ಸಲ ಎಕ್ಸ್‌ಆರ್ ಮಾಡಿದರೆ ಮೊದಲಿನದೇ ಮರಳಿ ಬರುತ್ತದೆ, ನಕಲು ಬೇಕಾಗಿಲ್ಲ. ಆದರೆ ನಡು ಬೂದು ಬಣ್ಣದ ಮೇಲೆ ಬಾಣ ಹೋದರೆ, 0ಯಿಂದ 255ರ ಅಳತೆಯಲ್ಲಿ 128 ಇದ್ದದ್ದು 127 ಆಗುತ್ತದೆ. ಬಾಣ ಮಾಯ.

ಹಾಗಾದರೆ ಹಾರ್ಡ್‌ವೇರ್ ಏನು ಮಾಡುತ್ತದೆ? ತೊಗಲುಗೊಂಬೆಯಾಟವನ್ನು ನೆನಪಿಸಿಕೊಳ್ಳಿ. ಬಿಳಿ ಪರದೆಯ ಹಿಂದೆ ದೀಪ, ನಡುವೆ ಗೊಂಬೆ. ಗೊಂಬೆ ಎಲ್ಲೆಲ್ಲಿ ಓಡಾಡಿದರೂ ಪರದೆಯ ಮೇಲೆ ಯಾರೂ ಬಣ್ಣ ಬಳಿಯುವುದಿಲ್ಲ, ಒರೆಸುವುದೂ ಇಲ್ಲ. ಗೊಂಬೆ ಇರುವುದು ಬೆಳಕಿನ ದಾರಿಯಲ್ಲಿ. ಹಾರ್ಡ್‌ವೇರ್ ಕರ್ಸರ್ ಇರುವುದೂ ಹಾಗೇ, ಚುಕ್ಕೆಗಳು ಮಾನಿಟರಿಗೆ ಹೋಗುವ ದಾರಿಯಲ್ಲಿ. ಕಾರ್ಡಿನೊಳಗೆ ಈಗ ಎಷ್ಟನೇ ಸಾಲು, ಎಷ್ಟನೇ ಚುಕ್ಕೆ ಹೊರಗೆ ಹೋಗುತ್ತಿದೆ ಅಂತ ಎಣಿಸುವ ಕೌಂಟರ್‌ಗಳು ಇದ್ದೇ ಇರುತ್ತವೆ. ಆ ಎಣಿಕೆಯನ್ನು ಕರ್ಸರಿನ ಜಾಗದ ಜೊತೆ ಹೋಲಿಸುವ ಸರ್ಕ್ಯೂಟ್ ಒಂದು ಬೇಕು. ಎಣಿಕೆ ಕರ್ಸರಿನ ಚೌಕದೊಳಗೆ ಬಂದರೆ ಫ್ರೇಮ್ ಬಫರಿನ ಚುಕ್ಕೆಯ ಬದಲು ಕರ್ಸರಿನ ಚುಕ್ಕೆ ಹೋಗುತ್ತದೆ. ಚೌಕ ದಾಟಿದರೆ ಮತ್ತೆ ಮೊದಲಿನ ಹಾಗೆ. ಫ್ರೇಮ್ ಬಫರನ್ನು ಯಾರೂ ಮುಟ್ಟಿಲ್ಲ, ಆದ್ದರಿಂದ ಅದರ ನಕಲು ತೆಗೆದಾಗ ಬಾಣ ಸಿಗುವುದಿಲ್ಲ. ಇವತ್ತು ಸ್ಕ್ರೀನ್‌ಶಾಟಿನಲ್ಲಿ ಬಾಣ ಬೇಕು ಅಂದರೆ ಆ ಪ್ರೋಗ್ರಾಮ್ ಬಾಣದ ಚಿತ್ರವನ್ನು ಬೇರೆಯಾಗಿ ಕೇಳಿ ತಂದು ಮೇಲೆ ಅಂಟಿಸುತ್ತದೆ.

ಇದು ಹೊಸ ಯೋಚನೆಯೇನಲ್ಲ. 1973ರ ಜೆರಾಕ್ಸ್ ಆಲ್ಟೊ ಕಂಪ್ಯೂಟರಿನಲ್ಲೇ 16ಕ್ಕೆ 16ರ ಕರ್ಸರ್ ಇತ್ತು, ಅದನ್ನು ಪರದೆಯ ಚಿತ್ರಕ್ಕೆ ಸೇರಿಸಲು ಮೈಕ್ರೋಕೋಡಿನಲ್ಲಿ, ಅಂದರೆ ಪ್ರೊಸೆಸರಿನ ಒಳಗಿನ ಆಜ್ಞೆಗಳಲ್ಲಿ, ಬೇರೆಯೇ ಒಂದು ಟಾಸ್ಕ್ ಇತ್ತು. ಅದರಲ್ಲಿ ನನಗೆ ಇಷ್ಟವಾದ ಸಂಗತಿ ಇದು: ಮೌಸ್ ಎಲ್ಲಿದೆ ಅನ್ನುವುದು ಮೆಮೊರಿಯ ಎರಡು ಮನೆಗಳಲ್ಲಿ, ಕರ್ಸರ್ ಎಲ್ಲಿದೆ ಅನ್ನುವುದು ಇನ್ನೆರಡು ಮನೆಗಳಲ್ಲಿ. ಮೊದಲನೆಯದನ್ನು ಎರಡನೆಯದಕ್ಕೆ ಸಾಫ್ಟ್‌ವೇರ್ ನಕಲು ಮಾಡಿದರಷ್ಟೇ ಬಾಣ ಓಡುತ್ತದೆ. ಮೌಸ್ ಮತ್ತು ಬಾಣ ಎರಡೂ ಬೇರೆ ಬೇರೆ ಅನ್ನುವುದು ಅಷ್ಟು ಹಿಂದೆಯೇ ಸ್ಪಷ್ಟವಿತ್ತು, ಇಂದಿನ ಡ್ರೈವರ್‌ಗಳಲ್ಲೂ ಅದು ಹಾಗೇ ಇದೆ. ಆಮೇಲೆ ವಿಡಿಯೋ ಗೇಮ್‌ಗಳಿಗಾಗಿ ಬಂದ ಸ್ಪ್ರೈಟ್‌ಗಳೂ, ಅಂದರೆ ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರಗಳೂ, ಇದೇ ಜಾತಿಯವು. 1985ರ ಅಮಿಗಾ ಕಂಪ್ಯೂಟರಿನಲ್ಲಿ 8 ಸ್ಪ್ರೈಟ್‌ಗಳಿದ್ದವು. ಅವುಗಳಲ್ಲಿ ಮೊದಲನೆಯದನ್ನು, 16 ಚುಕ್ಕೆ ಅಗಲದ್ದನ್ನು, ಮೌಸ್ ಬಾಣಕ್ಕೇ ಕೊಟ್ಟಿದ್ದರು.

ಕೈಯಾಡಿಸಿ ಕಲಿಯಲು ಶುರು ಮಾಡಬೇಕಾದದ್ದು ಬಾಣದಿಂದ ಅಲ್ಲ, ಕಪ್ಪು ಪರದೆಯಲ್ಲಿ ಮಿಣುಕುವ ಗೀಟಿನಿಂದ. ಅದೂ ಹಾರ್ಡ್‌ವೇರ್ ಕರ್ಸರೇ. 1981ರ ಐಬಿಎಂ ಪಿಸಿಯ ಕಾರ್ಡುಗಳಲ್ಲಿ ಮೋಟೊರೋಲಾ 6845 ಅನ್ನುವ ಚಿಪ್ ಇತ್ತು. ಅದರ ರಿಜಿಸ್ಟರ್‌ಗಳ, ಅಂದರೆ ಚಿಪ್ಪಿಗೆ ಆಜ್ಞೆ ಬರೆದಿಡುವ ಪುಟ್ಟ ಮನೆಗಳ, ಕ್ರಮವನ್ನೇ 1987ರ ವಿಜಿಎ ಗ್ರಾಫಿಕ್ಸ್ ಪದ್ಧತಿ ಬಹುಮಟ್ಟಿಗೆ ಉಳಿಸಿಕೊಂಡಿತು. ಎರಡು ಪೋರ್ಟ್, ಅಂದರೆ ಪ್ರೊಸೆಸರ್ ಕಾರ್ಡಿನ ಜೊತೆ ಮಾತಾಡುವ ಬಾಗಿಲು, ಸಾಕು: ಹೆಕ್ಸ್‌ನಲ್ಲಿ, ಅಂದರೆ 16ರ ಎಣಿಕೆಯಲ್ಲಿ, 3ಡಿ4 ಮತ್ತು 3ಡಿ5, ದಶಮಾನದಲ್ಲಿ 980 ಮತ್ತು 981. ಮೊದಲನೆಯದಕ್ಕೆ ಯಾವ ರಿಜಿಸ್ಟರ್ ಬೇಕು ಅಂತ ಹೇಳಬೇಕು, ಎರಡನೆಯದಕ್ಕೆ ಅದರ ಬೆಲೆ ಕೊಡಬೇಕು. ಕರ್ಸರನ್ನು 12ನೇ ಸಾಲಿನ 40ನೇ ಕಾಲಮಿಗೆ ಒಯ್ಯಬೇಕು ಅಂದುಕೊಳ್ಳಿ, ಎಣಿಕೆ ಸೊನ್ನೆಯಿಂದ. ಸಾಲಿಗೆ 80 ಅಕ್ಷರ. 12 ಗುಣಿಸು 80, ಕೂಡಿಸು 40, ಒಟ್ಟು 1000. ಇದು ಒಂದು ಬೈಟಿನಲ್ಲಿ ಹಿಡಿಯುವುದಿಲ್ಲ, ಹಾಗಾಗಿ 256ರಿಂದ ಭಾಗಿಸಿ ಎರಡು ಭಾಗ: ಮೇಲಿನ ಬೈಟ್ 3, ಕೆಳಗಿನದು 232. ರಿಜಿಸ್ಟರ್ 14ಕ್ಕೆ 3, ರಿಜಿಸ್ಟರ್ 15ಕ್ಕೆ 232. ಅಷ್ಟೇ, ಗೀಟು ಅಲ್ಲಿಗೆ ಹಾರುತ್ತದೆ. ಅಕ್ಷರದ ಚೌಕದಲ್ಲಿ ಗೀಟು ಎಷ್ಟನೇ ಗೆರೆಯಿಂದ ಎಷ್ಟನೇ ಗೆರೆಗೆ ಅನ್ನುವುದನ್ನು ರಿಜಿಸ್ಟರ್ 10 ಮತ್ತು 11 ಹೇಳುತ್ತವೆ. 0ಯಿಂದ 15 ಅಂದರೆ ಪೂರ್ತಿ ಚೌಕ. ರಿಜಿಸ್ಟರ್ 10ರಲ್ಲಿ 32ರ ಬಿಟ್ ಹಚ್ಚಿದರೆ ಕರ್ಸರೇ ಇಲ್ಲ. ಮಿಣುಕಿಸುವ ಕೆಲಸವನ್ನು ಯಾವ ಪ್ರೋಗ್ರಾಮೂ ಮಾಡುತ್ತಿಲ್ಲ, ಕಾರ್ಡೇ ಫ್ರೇಮ್ ಎಣಿಸಿ ಮಾಡುತ್ತದೆ. ಪ್ರೊಸೆಸರನ್ನು ಪೂರ್ತಿ ನಿಲ್ಲಿಸಿದರೂ ಗೀಟು ಮಿಣುಕುತ್ತಲೇ ಇರುತ್ತದೆ.

ಇಲ್ಲೊಂದು ಚಿಕ್ಕ ಎಡವು ಜಾಗ ಇದೆ. ಆ 1000 ಅನ್ನುವುದು ಪರದೆಯ ಮೇಲಿನ ಜಾಗ ಅಲ್ಲ, ಮೆಮೊರಿಯೊಳಗಿನ ಜಾಗ. ರಿಜಿಸ್ಟರ್ 12 ಮತ್ತು 13 ಬದಲಿಸಿ ಪರದೆಯನ್ನು ಸ್ಕ್ರೋಲ್ ಮಾಡಿದರೆ ಕರ್ಸರಿನ ಲೆಕ್ಕಕ್ಕೂ ಅಷ್ಟನ್ನು ಸೇರಿಸಬೇಕು. ಇಲ್ಲವಾದರೆ ಅಕ್ಷರ ಒಂದು ಕಡೆ, ಗೀಟು ಇನ್ನೊಂದು ಕಡೆ. ಅಂದ ಹಾಗೆ ಈ ಎಲ್ಲ ಲೆಕ್ಕ ನಿಂತಿರುವುದು ಪ್ರತಿ ಅಕ್ಷರಕ್ಕೂ ಒಂದೇ ಅಗಲ ಅನ್ನುವ ನಂಬಿಕೆಯ ಮೇಲೆ. ಇಂಗ್ಲಿಷಿಗೆ ಸರಿ. ಕನ್ನಡದ ‘ಕ್ಷ್ಮೀ’ ಆ ಚೌಕದಲ್ಲಿ ಹೇಗೆ ಕೂರಬೇಕು? ‘ರ’ಕ್ಕೂ ‘ಘೌ’ಗೂ ಒಂದೇ ಅಗಲ ಕೊಡಲು ಆಗುತ್ತದೆಯೇ? ನಮ್ಮ ಲಿಪಿ ಪರದೆಗೆ ಬರಲು ಪಟ್ಟ ಪಾಡಿನಲ್ಲಿ ಈ ಚೌಕದ್ದೂ ಒಂದು ಪಾಲಿದೆ.

ವಿಜಿಎ ಗ್ರಾಫಿಕ್ಸ್ ಮೋಡಿನಲ್ಲಿ ಮಾತ್ರ ಹಾರ್ಡ್‌ವೇರ್ ಕರ್ಸರ್ ಇರಲಿಲ್ಲ. ದುಬಾರಿ ವರ್ಕ್‌ಸ್ಟೇಷನ್‌ಗಳಲ್ಲಿ ಅದು ಇತ್ತು. ಬ್ರೂಕ್‌ಟ್ರೀ ಕಂಪನಿಯ ಬಿಟಿ431 ಅನ್ನುವುದು 64ಕ್ಕೆ 64ರ ಕರ್ಸರ್ ತೋರಿಸುವುದಕ್ಕೆಂದೇ ಮಾಡಿದ ಚಿಪ್. ಪಿಸಿ ಲೋಕದಲ್ಲಿ ಐಬಿಎಂ 1990ರಲ್ಲಿ ಎಕ್ಸ್‌ಜಿಎ ಕಾರ್ಡಿನಲ್ಲಿ 64ಕ್ಕೆ 64ರ ಸ್ಪ್ರೈಟ್ ಕೊಟ್ಟಿತು. ಆಮೇಲೆ ಎಸ್3, ಸಿರಸ್ ಲಾಜಿಕ್, ಮ್ಯಾಟ್ರಾಕ್ಸ್ ಎಲ್ಲರ ಕಾರ್ಡುಗಳಲ್ಲೂ ಬಂತು, ಪ್ರತಿಯೊಂದರಲ್ಲೂ ಬೇರೆ ಬೇರೆ ರೀತಿಯಲ್ಲಿ. ಮೂರೇ ಪ್ರಶ್ನೆ: ಆಕಾರ ಎಲ್ಲಿ ಇಡಬೇಕು, ಬಣ್ಣ ಹೇಗೆ ಹೇಳಬೇಕು, ಜಾಗ ಹೇಗೆ ಹೇಳಬೇಕು. ಉತ್ತರ ಮಾತ್ರ ಕಾರ್ಡಿಗೊಂದು.

ಆಕಾರದಿಂದ ಶುರು ಮಾಡೋಣ, ಎಲ್ಲರೂ ತಪ್ಪು ಮಾಡುವುದು ಅಲ್ಲೇ. ಆ ಕಾಲದ ಕರ್ಸರಿಗೆ ಚುಕ್ಕೆಗೆ 2 ಬಿಟ್. 64ಕ್ಕೆ 64 ಅಂದರೆ 1024 ಬೈಟ್. ಎರಡು ಬಿಟ್‌ಗಳಿಂದ ನಾಲ್ಕು ಅರ್ಥ ಸಿಗುತ್ತದೆ. ವಿಂಡೋಸ್ ಅವನ್ನು ಆಂಡ್ ಮಾಸ್ಕ್, ಎಕ್ಸ್‌ಆರ್ ಮಾಸ್ಕ್ ಅಂತ ನೋಡುತ್ತದೆ. ಕೆಳಗಿನ ಪರದೆಯ ಚುಕ್ಕೆಯನ್ನು ಮೊದಲು ಆಂಡ್ ಮಾಡು, ಆಮೇಲೆ ಎಕ್ಸ್‌ಆರ್ ಮಾಡು. ಆಂಡ್ ಅಂದರೆ ಎರಡೂ 1 ಆದರೆ ಮಾತ್ರ 1, ಎಕ್ಸ್‌ಆರ್ ಅಂದರೆ ಎರಡೂ ಬೇರೆ ಬೇರೆ ಆದರೆ 1. ಆಂಡ್ 0, ಎಕ್ಸ್‌ಆರ್ 0 ಆದರೆ ಕಪ್ಪು. 0 ಮತ್ತು 1 ಆದರೆ ಬಿಳಿ. 1 ಮತ್ತು 0 ಆದರೆ ಕೆಳಗಿನದು ಹಾಗೇ ಕಾಣುತ್ತದೆ, ಅಂದರೆ ಪಾರದರ್ಶಕ. ಎರಡೂ 1 ಆದರೆ ಕೆಳಗಿನದು ತಿರುವುಮುರುವು. ಅಕ್ಷರ ಟೈಪ್ ಮಾಡುವ ಜಾಗದ ಮೇಲೆ ಮೌಸ್ ಹೋದಾಗ ಬಾಣದ ಬದಲು ಕಾಣುವ ತೆಳ್ಳನೆಯ ಉದ್ದ ಗೀಟು ಬಿಳಿ ಹಾಳೆಯ ಮೇಲೆ ಕಪ್ಪಾಗಿ, ಕಪ್ಪಿನ ಮೇಲೆ ಬಿಳಿಯಾಗಿ ಕಾಣುತ್ತಿದ್ದುದು ಈ ನಾಲ್ಕನೇ ಅರ್ಥದಿಂದ.

ಯುನಿಕ್ಸ್ ಕಡೆ ವಿಂಡೋಗಳನ್ನು ತೋರಿಸುವ ಎಕ್ಸ್ ವಿಂಡೋ ಬೇರೆ ರೀತಿ ಹೇಳುತ್ತದೆ. ಅಲ್ಲಿ ಸೋರ್ಸ್ ಮತ್ತು ಮಾಸ್ಕ್. ಮಾಸ್ಕ್ 0 ಆದರೆ ಪಾರದರ್ಶಕ, ಸೋರ್ಸಿನಲ್ಲಿ ಏನೇ ಇರಲಿ. ಮಾಸ್ಕ್ 1 ಆದರೆ ಸೋರ್ಸ್ ನೋಡಿ ಎರಡು ಬಣ್ಣಗಳಲ್ಲಿ ಒಂದು. ‘ಏನೇ ಇರಲಿ’ ಅನ್ನುವ ಆ ಎರಡು ಪದಗಳಲ್ಲಿ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. ಸಿರಸ್ ಕಾರ್ಡಿಗೆ ಡ್ರೈವರ್ ಬರೆಯುತ್ತಿದ್ದೆ. ಬಾಣ ಬಂತು, ಆದರೆ ಸುತ್ತ ಬಣ್ಣ ಉಲ್ಟಾ ಆದ ಒಂದು ಚೌಕವೂ ಬಂತು. ನನ್ನ ಚಿತ್ರದಲ್ಲಿ ಮಾಸ್ಕ್ 0 ಇದ್ದ ಕಡೆಗಳಲ್ಲೂ ಸೋರ್ಸ್ ಬಿಟ್ 1 ಇತ್ತು. ಎಕ್ಸ್ ವಿಂಡೋಗೆ ಅದರಿಂದ ತೊಂದರೆಯಿಲ್ಲ, ಆದರೆ ಕಾರ್ಡಿಗೆ 0 ಮತ್ತು 1ರ ಜೋಡಿ ಅಂದರೆ ‘ಉಲ್ಟಾ ಮಾಡು’ ಅಂತಲೇ ಅರ್ಥ. ಪರಿಹಾರ ಒಂದೇ ಸಾಲು: ಕಾರ್ಡಿಗೆ ಕೊಡುವ ಮೊದಲು ಸೋರ್ಸನ್ನು ಮಾಸ್ಕಿನ ಜೊತೆ ಆಂಡ್ ಮಾಡಿ. ಪಿಸಿಗಳಿಗಾಗಿ ಬರೆದ ಎಕ್ಸ್ ವಿಂಡೋ ಆದ ಎಕ್ಸ್‌ಫ್ರೀ86ರ ಕರ್ಸರ್ ಕೋಡಿನಲ್ಲಿ ಬಿಟ್‌ಗಳ ಕ್ರಮ ತಿರುಗಿಸು, ಸೋರ್ಸ್ ಮಾಸ್ಕ್ ಅದಲುಬದಲು ಮಾಡು, ಎರಡನ್ನೂ ಇಷ್ಟಿಷ್ಟು ಬಿಟ್‌ಗೆ ಹೆಣೆ ಅಂತ ಹೇಳುವ ಫ್ಲಾಗ್‌ಗಳ ಸಾಲೇ ಇದೆ. ಮೊದಲು ಅದನ್ನು ನೋಡಿದಾಗ ಇಷ್ಟೊಂದು ಯಾಕೆ ಅನ್ನಿಸಿತ್ತು. ಪ್ರತಿ ಫ್ಲಾಗೂ ನಿಜವಾಗಿ ಇದ್ದ ಒಂದು ಕಾರ್ಡಿನ ಗುರುತು.

ಸಿರಸ್ ಜಿಡಿ5446 ಅನ್ನು ಪೂರ್ತಿ ನೋಡೋಣ, ಯಾಕೆಂದರೆ ಅದನ್ನು ಇವತ್ತೂ ಮನೆಯಲ್ಲೇ ಪ್ರಯತ್ನಿಸಬಹುದು. ಕ್ಯೂಎಮು ಎಮ್ಯುಲೇಟರಿನಲ್ಲಿ, ಅಂದರೆ ಇಡೀ ಕಂಪ್ಯೂಟರನ್ನು ಅನುಕರಿಸುವ ಪ್ರೋಗ್ರಾಮಿನಲ್ಲಿ, ವಿಜಿಎ ಆಯ್ಕೆಗೆ ಸಿರಸ್ ಅಂತ ಕೊಟ್ಟರೆ ಇದೇ ಕಾರ್ಡು ಸಿಗುತ್ತದೆ. ಹೆಚ್ಚುವರಿ ರಿಜಿಸ್ಟರ್‌ಗಳಿಗೆ ಬೀಗ ಇರುತ್ತದೆ. ಸೀಕ್ವೆನ್ಸರ್ ಪೋರ್ಟಿನ, ಅಂದರೆ ಹೆಕ್ಸ್ 3ಸಿ4ರ, 6ನೇ ರಿಜಿಸ್ಟರಿಗೆ ಹೆಕ್ಸ್ 12 ಬರೆದರೆ ಬೀಗ ತೆರೆಯುತ್ತದೆ. ಕರ್ಸರಿನ ಆಕಾರ ಕಾರ್ಡಿನ ಮೆಮೊರಿಯ ಕೊನೆಯ 16 ಕಿಲೋಬೈಟಿನಲ್ಲಿ ಇರಬೇಕು. ಕಾರ್ಡಿನಲ್ಲಿ 4 ಮೆಗಾಬೈಟ್ ಇದ್ದರೆ 41,77,920ನೇ ಬೈಟಿನಿಂದ. 64ಕ್ಕೆ 64ರ ಕರ್ಸರಿಗೆ ಸಾಲಿಗೆ 16 ಬೈಟ್, ಮೊದಲ 8 ಸೋರ್ಸ್, ಆಮೇಲಿನ 8 ಮಾಸ್ಕ್. 32ಕ್ಕೆ 32ರದ್ದಾದರೆ ಈ ಹೆಣಿಗೆ ಇಲ್ಲ, 128 ಬೈಟ್ ಸೋರ್ಸ್ ಪೂರ್ತಿ ಮುಗಿದ ಮೇಲೆ 128 ಬೈಟ್ ಮಾಸ್ಕ್. ಒಂದೇ ಚಿಪ್ಪಿನಲ್ಲಿ ಎರಡು ಪದ್ಧತಿ! ದೊಡ್ಡ ಕರ್ಸರ್‌ಗಳು 16 ಹಿಡಿಯುತ್ತವೆ. ಬಾಣ, ಮರಳು ಗಡಿಯಾರ, ಕೈ ಎಲ್ಲವನ್ನೂ ಮೊದಲೇ ತುಂಬಿಟ್ಟು, ಯಾವುದು ಬೇಕು ಅಂತ ಹೆಕ್ಸ್ 13ನೇ ರಿಜಿಸ್ಟರಿಗೆ ಒಂದು ಬೈಟ್ ಬರೆದರೆ ಸಾಕು.

ಬಣ್ಣಕ್ಕೆ ಒಂದು ಗುಟ್ಟಿನ ಬಾಗಿಲಿದೆ. ಹೆಕ್ಸ್ 12ನೇ ರಿಜಿಸ್ಟರಿನ 2ರ ಬಿಟ್ ಹಚ್ಚಿದರೆ, ಮಾಮೂಲಿ ಪ್ಯಾಲೆಟಿನ, ಅಂದರೆ ಬಣ್ಣಗಳ ಪಟ್ಟಿಯ, ಪೋರ್ಟಿಗೆ ಬರೆದದ್ದು ಮಾಮೂಲಿ ಪ್ಯಾಲೆಟಿಗೆ ಹೋಗದೆ ಮರೆಯಲ್ಲಿರುವ ಇನ್ನೊಂದು ಪ್ಯಾಲೆಟಿಗೆ ಹೋಗುತ್ತದೆ. ಅದರ 0 ಮತ್ತು 15ನೇ ಬಣ್ಣಗಳು ಕರ್ಸರಿನವು. ಬರೆದಾದ ಮೇಲೆ ಆ ಬಿಟ್ ಆರಿಸಲು ಮರೆಯಬೇಡಿ. ಆಮೇಲೆ ಅದೇ ರಿಜಿಸ್ಟರಿಗೆ 5 ಕೊಡಿ: 1 ಅಂದರೆ ತೋರಿಸು, 4 ಅಂದರೆ ದೊಡ್ಡ ಗಾತ್ರ.

ಜಾಗ ಹೇಳುವುದು ಇನ್ನೂ ಚೆಂದ. ಇದನ್ನು ಅರ್ಥ ಮಾಡಿಕೊಳ್ಳಲು ಮೊದಲು ತೊಂದರೆ ಏನು ಅಂತ ತಿಳಿಯಬೇಕು. ಅಡ್ಡ ಜಾಗ 255ರಿಂದ 256ಕ್ಕೆ ಹೋಗಬೇಕು ಅಂದುಕೊಳ್ಳಿ. ಎರಡು ಬೈಟ್‌ಗಳಲ್ಲಿ ಹೇಳುವುದಾದರೆ ಮೇಲಿನದು 0ಯಿಂದ 1ಕ್ಕೆ, ಕೆಳಗಿನದು 255ರಿಂದ 0ಗೆ. ಮೇಲಿನದನ್ನು ಮೊದಲು ಬರೆದಿರಿ. ಕೆಳಗಿನದನ್ನು ಬರೆಯುವ ಮೊದಲು ಕಾರ್ಡು ಕರ್ಸರಿನ ಸಾಲಿಗೆ ಬಂತು. ಅದಕ್ಕೆ ಕಾಣುವುದು 511. ಬಾಣ ಒಂದು ಕ್ಷಣ ಬಲಕ್ಕೆ ನೆಗೆದು ವಾಪಸ್ ಬರುತ್ತದೆ. ಕ್ರಮ ಬದಲಿಸಿದರೆ 511ರ ಬದಲು 0, ಅಷ್ಟೇ ವ್ಯತ್ಯಾಸ. ಸಿರಸ್‌ನವರು ಏನು ಮಾಡಿದರು ನೋಡಿ. ಜಾಗಕ್ಕೆ 11 ಬಿಟ್ ಬೇಕು. ರಿಜಿಸ್ಟರ್ ನಂಬರಿಗೆ ಕೆಳಗಿನ 5 ಬಿಟ್ ಸಾಕು, ಮೇಲಿನ 3 ಖಾಲಿ. ಆ ಖಾಲಿ ಜಾಗದಲ್ಲೇ ಅವರು ಸಂಖ್ಯೆಯ ಕೊನೆಯ 3 ಬಿಟ್‌ಗಳನ್ನು ಕೂರಿಸಿದರು, ಉಳಿದ 8 ಬಿಟ್ ಬೆಲೆಯ ಬೈಟಿನಲ್ಲಿ. ಅಡ್ಡ ಜಾಗ 1003 ಅಂದುಕೊಳ್ಳಿ. 8ರಿಂದ ಭಾಗಿಸಿದರೆ 125, ಶೇಷ 3. ರಿಜಿಸ್ಟರ್ ನಂಬರ್ ದಶಮಾನದಲ್ಲಿ 16, ಅದಕ್ಕೆ 3 ಗುಣಿಸು 32 ಸೇರಿಸಿದರೆ 112. ನಂಬರ್ ಪೋರ್ಟಿಗೆ 112, ಬೆಲೆ ಪೋರ್ಟಿಗೆ 125. ಎರಡು ಪೋರ್ಟೂ ಅಕ್ಕಪಕ್ಕ ಇರುವುದರಿಂದ 16 ಬಿಟ್‌ನ ಒಂದೇ ಔಟ್ ಆಜ್ಞೆಯಲ್ಲಿ ಎರಡನ್ನೂ ಬರೆಯಬಹುದು. ಅಡ್ಡ ಜಾಗ ಒಂದೇ ಏಟಿಗೆ ಮುಗಿಯಿತು. ಅರ್ಧ ಬರೆದ ಸಂಖ್ಯೆ ಕಾರ್ಡಿಗೆ ಕಾಣುವ ಸಂದರ್ಭವೇ ಇಲ್ಲ. ಮೊದಲ ಸಲ ಈ ಪಟ್ಟಿ ನೋಡಿದಾಗ ಯಾಕೆ ಇಷ್ಟು ವಕ್ರವಾಗಿ ಮಾಡಿದ್ದಾರೆ ಅನ್ನಿಸುತ್ತದೆ. ಅರ್ಥವಾದ ಮೇಲೆ ಅದರ ಮೇಲೆ ಪ್ರೀತಿ ಹುಟ್ಟುತ್ತದೆ.

ಎಸ್3 ಬೇರೆ ದಾರಿ ಹಿಡಿಯಿತು. ಅಲ್ಲಿ ಹೆಕ್ಸ್ 46ರಿಂದ 49ರವರೆಗೆ ನಾಲ್ಕು ರಿಜಿಸ್ಟರ್. 48ನ್ನು ಕೊನೆಗೆ ಬರೆಯಬೇಕು. ಅದನ್ನು ಬರೆದಾಗಲೇ ಉಳಿದವೆಲ್ಲ ಒಟ್ಟಿಗೆ ಜಾರಿಗೆ ಬರುತ್ತವೆ. ಇಂಟೆಲ್‌ನ ಈಚಿನ ಗ್ರಾಫಿಕ್ಸ್‌ನಲ್ಲೂ ಅದೇ ಯೋಚನೆ, ಕರ್ಸರ್ ಚಿತ್ರದ ವಿಳಾಸದ ರಿಜಿಸ್ಟರನ್ನು ಬರೆದರೆ ಜಾಗ, ಆಕಾರ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ.

ಇನ್ನು ಅಂಚಿನ ಕಥೆ. ಪ್ರತಿ ಕರ್ಸರಿಗೂ ಒಂದು ಹಾಟ್‌ಸ್ಪಾಟ್ ಇರುತ್ತದೆ, ಅಂದರೆ ನಿಜವಾಗಿ ತೋರಿಸುತ್ತಿರುವ ಚುಕ್ಕೆ. ಬಾಣಕ್ಕೆ ಅದು ತುದಿ, ಕೂಡಿಸುವ ಚಿಹ್ನೆಯಂಥ ಕರ್ಸರಿಗೆ ಅದು ನಡು. ಕಾರ್ಡಿಗೆ ಹಾಟ್‌ಸ್ಪಾಟ್ ಅಂದರೇನು ಅಂತ ಗೊತ್ತಿಲ್ಲ, ಅದಕ್ಕೆ ಬೇಕಾದದ್ದು ಚೌಕದ ಎಡ ಮೇಲ್ಮೂಲೆ ಅಷ್ಟೇ. ಮೌಸಿನ ಜಾಗದಿಂದ ಹಾಟ್‌ಸ್ಪಾಟನ್ನು ಡ್ರೈವರೇ ಕಳೆಯಬೇಕು. ಕೂಡಿಸುವ ಚಿಹ್ನೆ ಪರದೆಯ ಎಡ ತುದಿಗೆ ಹೋದಾಗ ಉತ್ತರ ಸೊನ್ನೆಗಿಂತ ಕಡಿಮೆ ಬರುತ್ತದೆ. ಉದಾಹರಣೆಗೆ ಮೈನಸ್ 5. ಸಿರಸ್‌ನ 11 ಬಿಟ್‌ಗಳಲ್ಲಿ ಮೈನಸ್ ಅನ್ನುವುದೇ ಇಲ್ಲ. ಮೈನಸ್ 5 ಹಾಗೇ ಬರೆದರೆ 2043 ಆಗುತ್ತದೆ, ಕರ್ಸರ್ ಬಲಗಡೆ ಪರದೆಯ ಹೊರಗೆ ಹೋಗಿ ಕೂರುತ್ತದೆ. ಅಲ್ಲಿ ಡ್ರೈವರೇ ಚಿತ್ರವನ್ನು 5 ಚುಕ್ಕೆ ಎಡಕ್ಕೆ ಸರಿಸಿ ಬರೆದು, ಜಾಗ 0 ಅನ್ನಬೇಕು. ಎಸ್3ರಲ್ಲಿ ಹೆಕ್ಸ್ 4ಇ ಮತ್ತು 4ಎಫ್ ಅನ್ನುವ ಎರಡು ರಿಜಿಸ್ಟರ್‌ಗಳಿವೆ, ಆಕಾರದ ಎಷ್ಟನೇ ಚುಕ್ಕೆಯಿಂದ ತೋರಿಸಬೇಕು ಅಂತ ಅವಕ್ಕೆ ಹೇಳಿದರೆ ಆಯಿತು. ಮ್ಯಾಟ್ರಾಕ್ಸ್ ಮಿಲೇನಿಯಂ ಕಾರ್ಡಿನಲ್ಲಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿವಿಪಿ3026 ಚಿಪ್ಪಿನಲ್ಲಿ ಲೆಕ್ಕ ಇನ್ನೂ ಸರಳ: ಎಲ್ಲಕ್ಕೂ 64 ಸೇರಿಸಿ ಬರೆಯಿರಿ. 0 ಅಂದರೆ ಕರ್ಸರ್ ಪೂರ್ತಿ ಹೊರಗೆ, 64 ಅಂದರೆ ಪೂರ್ತಿ ಮೂಲೆಯಲ್ಲಿ, 59 ಅಂದರೆ ನಮ್ಮ ಮೈನಸ್ 5. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಂದದ ಪರಿಹಾರ ಇದೇ. ಇಂಟೆಲ್ ಸಂಖ್ಯೆಯನ್ನು ಒಂದು ಕಡೆ, ಮೈನಸ್ ಗುರುತನ್ನು ಬೇರೆ ಬಿಟ್‌ನಲ್ಲಿ ಕೇಳುತ್ತದೆ. ಅಲ್ಲಿ ಮೈನಸ್ 5 ಅಂದರೆ 32,768 ಕೂಡಿಸು 5. ಪ್ರೊಸೆಸರ್ ತನ್ನ ರೂಢಿಯಲ್ಲಿ ಬರೆಯುವ ಮೈನಸ್ 5 ಅಂದರೆ 65,531. ಎರಡನ್ನೂ ಒಂದೇ ಅಂದುಕೊಂಡರೆ ಕರ್ಸರ್ ಎಡ ಅಂಚಿನಲ್ಲಿ ಮಾಯವಾಗುತ್ತದೆ, ಬೇರೆಲ್ಲ ಕಡೆ ಸರಿಯಾಗಿಯೇ ಇರುತ್ತದೆ. ಹಾಗಾಗಿ ಕರ್ಸರ್ ಕೋಡ್ ಬರೆದ ಮೇಲೆ ಪರೀಕ್ಷೆ ಮಾಡಬೇಕಾದದ್ದು ನಡುವಿನಲ್ಲಲ್ಲ, ನಾಲ್ಕು ಅಂಚುಗಳಲ್ಲಿ.

ಈಗಿನ ಕಾರ್ಡುಗಳಲ್ಲಿ ಚುಕ್ಕೆಗೆ 2 ಬಿಟ್ ಹೋಗಿ 32 ಬಿಟ್ ಬಂದಿದೆ. ನೆರಳು ಬೇಕಾದರೂ ಹಾಕಬಹುದು, ಅಂಚು ನಯವಾಗಿರುತ್ತದೆ. 64ಕ್ಕೆ 64ಕ್ಕೆ 16 ಕಿಲೋಬೈಟ್. ಈಚಿನವು 256ಕ್ಕೆ 256ರವರೆಗೂ ಒಪ್ಪುತ್ತವೆ. ಲಿನಕ್ಸ್‌ನಲ್ಲಿ ಈಗ ಯಾರೂ ಪೋರ್ಟುಗಳನ್ನು ನೇರವಾಗಿ ಮುಟ್ಟುವುದಿಲ್ಲ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅದರ ಡಿಆರ್‌ಎಂ ಅನ್ನುವ ಭಾಗಕ್ಕೆ ಕರ್ಸರಿನ ಚಿತ್ರ ಕೊಟ್ಟು, ಇಲ್ಲಿಗೆ ಸರಿಸು ಅಂದರೆ ಸಾಕು. ಎಷ್ಟು ದೊಡ್ಡ ಕರ್ಸರ್ ಆಗಬಹುದು ಅಂತ ಮೊದಲು ಅದನ್ನೇ ಕೇಳಬೇಕು. ಕಣ್ಣು ಮಂಜಾದವರು ಬಾಣವನ್ನು ದೊಡ್ಡದು ಮಾಡಿಕೊಂಡಾಗ ಅದು ಆ ಮಿತಿ ದಾಟಿದರೆ ಸದ್ದಿಲ್ಲದೆ ಸಾಫ್ಟ್‌ವೇರ್ ಕರ್ಸರಿಗೆ ಇಳಿಯಬೇಕಾಗುತ್ತದೆ. ಬಣ್ಣವನ್ನು ಪಾರದರ್ಶಕತೆಯ ಜೊತೆ ಮೊದಲೇ ಗುಣಿಸಿ ಕೊಡಬೇಕು, ಇಲ್ಲವಾದರೆ ಬಾಣದ ನಯವಾದ ಅಂಚಿನಲ್ಲಿ ಬಣ್ಣ ಕೆಡುತ್ತದೆ. ಎರಡು ಮಾನಿಟರ್ ಇದ್ದರೆ ಎರಡಕ್ಕೂ ಬೇರೆ ಬೇರೆ ಕರ್ಸರ್ ಸರ್ಕ್ಯೂಟ್. ಬಾಣ ಅರ್ಧ ಇಲ್ಲಿ ಅರ್ಧ ಅಲ್ಲಿ ಕಂಡರೆ, ಅದು ಎರಡು ಬಾಣ, ಒಂದೊಂದು ಒಂದೊಂದು ಅಂಚಿನಲ್ಲಿ. ಇನ್ನೊಂದು ಗಮನಿಸಿದ್ದೀರಾ? ಕೆಲವು ಕಂಪ್ಯೂಟರ್‌ಗಳಲ್ಲಿ ರಾತ್ರಿಗೆ ಪರದೆಯನ್ನು ಹಳದಿ ಮಾಡುವ ಸೌಲಭ್ಯ ಹಾಕಿದರೂ ಬಾಣ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಣ್ಣ ಬದಲಿಸುವ ಹಂತ ದಾಟಿದ ಮೇಲೆ ಬಾಣ ಸೇರಿಕೊಳ್ಳುವುದರಿಂದ ಹಾಗೆ.

ಗೇಮ್‌ಗಳ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಕರ್ಸರ್ ಅನ್ನುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಗೇಮ್ ಸೆಕೆಂಡಿಗೆ 30 ಚಿತ್ರ ಬರೆಯುತ್ತಿದ್ದರೆ ಚಿತ್ರದೊಳಗೆ ಬರೆದ ಬಾಣವೂ ಸೆಕೆಂಡಿಗೆ 30 ಸಲವೇ ಸರಿಯುತ್ತದೆ, ಕೈ ಮುಂದೆ ಹೋಗಿ ಬಾಣ ಹಿಂದೆ ಬರುತ್ತದೆ. ಹಾರ್ಡ್‌ವೇರ್ ಬಾಣ ಗೇಮಿನ ವೇಗಕ್ಕೆ ಕಾಯುವುದಿಲ್ಲ.

ಹ್ಯಾಂಗ್ ಆದ ಕಂಪ್ಯೂಟರಿನಲ್ಲಿ ಬಾಣ ಓಡುವುದೂ ಇದೇ ಕಾರಣಕ್ಕೆ. ಮೌಸ್ ಅಲುಗಿದಾಗ ಕರ್ನಲ್‌ಗೆ ಇಂಟರಪ್ಟ್, ಅಂದರೆ ಇದನ್ನು ಈಗಲೇ ನೋಡು ಅನ್ನುವ ಕರೆ, ಬರುತ್ತದೆ, ಯಾರೋ ಒಬ್ಬರು ಜಾಗದ ರಿಜಿಸ್ಟರ್ ಬರೆದರೆ ಬಾಣ ಸರಿಯುತ್ತದೆ, ಚಿತ್ರ ಬರೆಯುವವರನ್ನು ಕೇಳಬೇಕಾಗಿಲ್ಲ. ಎಕ್ಸ್‌ಫ್ರೀ86ರಲ್ಲಿ ಇದಕ್ಕೆ ಸಿಲ್ಕನ್ ಮೌಸ್ ಅಂತ ಹೆಸರಿತ್ತು. ಮೌಸಿನಿಂದ ಸುದ್ದಿ ಬಂದ ತಕ್ಷಣ ಸಿಗ್ನಲ್ ಹ್ಯಾಂಡ್ಲರ್, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ಓಡುವ ಕೋಡಿನ ತುಣುಕಿನ, ಒಳಗಿಂದಲೇ ಕರ್ಸರನ್ನು ಸರಿಸುತ್ತಿದ್ದರು, ಪರದೆಗೆ ಬರೆಯುವ ಎಕ್ಸ್ ಸರ್ವರ್ ಬೇರೆ ದೊಡ್ಡ ಕೆಲಸದಲ್ಲಿ ಮುಳುಗಿದ್ದರೂ ಸರಿ. ಸಾಫ್ಟ್‌ವೇರ್ ಕರ್ಸರಿನಲ್ಲಿ ಹೀಗೆ ಮಾಡಲು ಬರುತ್ತಿರಲಿಲ್ಲ, ಯಾಕೆಂದರೆ ಅರ್ಧ ಬರೆದ ಚಿತ್ರದ ಮೇಲೆ ಕೈ ಹಾಕಬೇಕಾಗುತ್ತಿತ್ತು. 2016ರಲ್ಲಿ ಬಂದ ಎಕ್ಸ್ ಸರ್ವರ್ 1.19ರಿಂದ ಈ ಕೆಲಸಕ್ಕೆ ಬೇರೆಯೇ ಒಂದು ಥ್ರೆಡ್, ಅಂದರೆ ಜೊತೆಜೊತೆಗೇ ಓಡುವ ಎಳೆ, ಇದೆ. ಆದ್ದರಿಂದ ಬಾಣ ಓಡುತ್ತಿದ್ದು ಕ್ಲಿಕ್ಕಿಗೆ ಉತ್ತರ ಇಲ್ಲದಿದ್ದರೆ ಸಿಕ್ಕಿಹಾಕಿಕೊಂಡಿರುವುದು ಯಾವುದೋ ಪ್ರೋಗ್ರಾಮ್, ಸ್ವಲ್ಪ ಕಾದು ನೋಡಬಹುದು. ಬಾಣವೂ ನಿಂತಿದೆ, ಕ್ಯಾಪ್ಸ್ ಲಾಕ್ ದೀಪವೂ ಹತ್ತುತ್ತಿಲ್ಲ ಅಂದರೆ ತೊಂದರೆ ಕರ್ನಲ್ ಮಟ್ಟದಲ್ಲೇ ಇರುವ ಸಾಧ್ಯತೆ ಜಾಸ್ತಿ, ಪವರ್ ಬಟನ್ ಹಿಡಿದು ಒತ್ತುವುದೇ ದಾರಿ.